ಮುಯ್ಯಿಗೆ ಬಂದ ಸಬ್‌ಸ್ಕ್ರೈಬರ್‌ಗಳು

ಹರಿಹರದ ಹತ್ತಿರದ ಸಾರಥಿ ಎಂಬ ಊರಿನ ಲಿಂಗಣ್ಣನ ಮಗಳು ಸುಮಾ ದಾವಣಗೆರೆಗೆ ಓದಲು ಹೋದ ಮೇಲೆ ಮಾತೇ ಕಡಿಮೆ ಮಾಡಿದ್ದಾಳೆ ಎಂದು ಊರಲ್ಲಿ ಹೇಳುತ್ತಿದ್ದರು. ಅವಳ ತಾಯಿ ಲಕ್ಷ್ಮೀದೇವಿ ಅದನ್ನು ಒಪ್ಪುತ್ತಿರಲಿಲ್ಲ.

"ಕಡಿಮಿ ಎಲ್ಲಿ ಮಾಡ್ಯಾಳೆ? ಬಾಗಿಲು ಹಾಕ್ಕಂಡು ಫೋನಿನ ಮುಂದೆ ಕುಂತ್ರೆ ಒಂದೇ ಸಮ ಮಾತಾಡ್ತಾಳೆ. ಮನುಷ್ಯರು ಎದುರಿಗೆ ಬಂದ್ರೆ ಮಾತ್ರ ಬಾಯಿ ಬರಂಗಿಲ್ಲ" ಎನ್ನುತ್ತಿದ್ದಳು.

ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಸುಮಾ ಹತ್ತನೇ ತರಗತಿವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿದವಳು. ಪಿಯುಸಿಯಲ್ಲಿ ವಿಜ್ಞಾನ ತಗೊಂಡಳು. ಅಲ್ಲಿ ಎಲ್ಲವೂ ಇಂಗ್ಲಿಷ್. ವೇಗೋತ್ಕರ್ಷ ಎಂದರೆ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನೇ ಮೇಷ್ಟ್ರು ಆಕ್ಸಲರೇಶನ್ ಎಂದಾಗ ಗುರುತು ಸಿಗಲಿಲ್ಲ. ತನಗೆ ಗೊತ್ತಿರುವುದನ್ನೇ ಕೇಳುತ್ತಿದ್ದಾರೆ ಎಂದು ಹೊಳೆಯುವಷ್ಟರಲ್ಲಿ ಮುಂದಿನ ಬೆಂಚಿನವರು ಉತ್ತರ ಹೇಳಿ ಮುಗಿಸಿರುತ್ತಿದ್ದರು. ಹಾಗೆ ಬಾಯಿ ಮುಚ್ಚಿಕೊಂಡು ಕೂತು ಕೂತು, ಅದೇ ಅಭ್ಯಾಸವಾಗಿಹೋಯಿತು.

ಬಿ.ಎಸ್ಸಿ ಎರಡನೇ ವರ್ಷಕ್ಕೆ ಬರುವ ಹೊತ್ತಿಗೆ ಪಾಠವೆಲ್ಲ ತಿಳಿಯುತ್ತಿತ್ತು. ತಿಳಿದದ್ದನ್ನು ಹೇಳಿಕೊಳ್ಳಲು ಜನ ಇರಲಿಲ್ಲ. ತನ್ನಂತೆ ಕನ್ನಡ ಶಾಲೆಯಿಂದ ಬಂದು ಕಣ್ಣು ಕಣ್ಣು ಬಿಡುವ ಮಕ್ಕಳಿಗೆ ಹೇಳೋಣ ಎಂದು ಯೂಟ್ಯೂಬಿನಲ್ಲಿ ಒಂದು ಚಾನೆಲ್ ಶುರು ಮಾಡಿದಳು. 'ತಿಳಿದಂಗೆ ಹೇಳ್ತೀನಿ' ಎಂದು ಹೆಸರಿಟ್ಟಳು.

ಹಾಸ್ಟೆಲ್ಲಿನ ಗೋಡೆಗೆ ಒಂದು ಬೆಡ್‌ಶೀಟು, ಮಂಚದ ಮೇಲೆ ಟ್ರಂಕು, ಟ್ರಂಕಿನ ಮೇಲೆ ಪುಸ್ತಕದ ಗುಡ್ಡೆ, ಅದಕ್ಕೆ ಒರಗಿಸಿದ ಫೋನು. ಅಷ್ಟೇ ಅವಳ ಸ್ಟುಡಿಯೋ. ಸಂಜೆ ರೂಮಿನವರು ದೋಸೆ ತಿನ್ನಲು ಹೊರಡುವಾಗ ಕರೆಯುತ್ತಿದ್ದರು.

"ಬರ್ತೀಯೇನೇ ಸುಮಾ?"

"ಇಲ್ಲ, ರೆಕಾರ್ಡಿಂಗ್ ಐತೆ."

ಕೆಲವು ಸಲ ಕರೆದರು. ಆಮೇಲೆ ಕರೆಯುವುದನ್ನು ಬಿಟ್ಟರು. ಅವರು ಮೆಟ್ಟಿಲಿಳಿಯುತ್ತಾ ನಗುವುದು ಕೇಳಿಸುತ್ತಿತ್ತು. ಆ ನಗು ಗೇಟು ದಾಟುವವರೆಗೆ ಕಾದು ಸುಮಾ ರೆಕಾರ್ಡಿಂಗ್ ಒತ್ತುತ್ತಿದ್ದಳು. ರೂಮು ಖಾಲಿ ಇದ್ದರೆ ದನಿ ಚೆನ್ನಾಗಿ ಬರುತ್ತಿತ್ತು. ರೆಕಾರ್ಡಿಂಗ್ ಮುಗಿದ ಮೇಲೂ ರೂಮು ಖಾಲಿಯೇ ಇರುತ್ತಿತ್ತು.

ವಿಡಿಯೋ ಹಾಕಿದರೆ ನೋಡುವವರು ಬೆರಳೆಣಿಕೆ. ಅದರಲ್ಲೂ ಒಂದೆರಡು ಸಲ ನೋಡಿದವಳು ಅವಳೇ.

ಆಗ ಕಾಲೇಜಿನ ಕೊನೇ ವರ್ಷದ ಹರೀಶ ಚಾನೆಲ್ ಇರುವ ಹುಡುಗ ಹುಡುಗಿಯರನ್ನೆಲ್ಲ ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿದ. ಹೊಸ ಫೋನುಗಳ ಬಗ್ಗೆ ಅವನದೂ ಒಂದು ಚಾನೆಲ್ ಇತ್ತು. ಅವನ ಲೆಕ್ಕ ಸರಳ: ನೀನು ನನ್ನದಕ್ಕೆ ಸಬ್‌ಸ್ಕ್ರೈಬ್ ಒತ್ತು, ನಾನು ನಿನ್ನದಕ್ಕೆ ಒತ್ತುತ್ತೇನೆ, ಎಲ್ಲರೂ ಬೆಳೆಯೋಣ.

ಸುಮಾಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಅವರ ಊರಲ್ಲಿ ಭತ್ತದ ನಾಟಿ ನಡೆಯುವುದೇ ಹಾಗೆ. ಇವತ್ತು ನಮ್ಮ ಗದ್ದೆಗೆ ನೀವು ಬನ್ನಿ, ನಾಳೆ ನಿಮ್ಮ ಗದ್ದೆಗೆ ನಾವು ಬರುತ್ತೇವೆ. ಅದಕ್ಕೆ ಮುಯ್ಯಿ ಎನ್ನುತ್ತಾರೆ. ಹಾಗೆ ಬಂದವರು ಮುಯ್ಯಾಳು. ಸುಮಾನೇ ಎಷ್ಟೋ ಸಲ ಅವ್ವನ ಬದಲಿಗೆ ಮುಯ್ಯಾಳಾಗಿ ಹೋಗಿ ಕೆಸರಲ್ಲಿ ಬಗ್ಗಿದ್ದಳು. "ಇದು ನಮ್ಮೂರ ಮುಯ್ಯಿ ಇದ್ದಂಗೆ ಐತೆ" ಎಂದು ಗುಂಪಿನಲ್ಲಿ ಬರೆದಳು. ಹರೀಶನಿಗೆ ಆ ಮಾತು ಹಿಡಿಸಿತು. ಗುಂಪಿನ ಹೆಸರನ್ನೇ 'ಮುಯ್ಯಿ ಬಳಗ' ಎಂದು ಮಾಡಿದ.

ಎಡವಿದ್ದು ಅಲ್ಲಿಯೇ. ಉಳಿದವರಿಗೆ ಅದು ಬೆರಳ ತುದಿಯ ಕೆಲಸ, ಒತ್ತಿದರು, ಮರೆತರು. ಸುಮಾಗೆ ಮಾತ್ರ ಅದು ನಿಜವಾದ ಮುಯ್ಯಿ. ಮುಯ್ಯಿ ಉಳಿಸಿಕೊಂಡ ಮನೆಯವರನ್ನು ಊರಲ್ಲಿ ಹೇಗೆ ನೋಡುತ್ತಾರೆ ಎಂದು ಅವಳಿಗೆ ಗೊತ್ತು. ಹಾಗಾಗಿ ಬಳಗದ ಪ್ರತಿಯೊಬ್ಬರ ವಿಡಿಯೋವನ್ನೂ ಕೊನೆಯವರೆಗೆ ಓಡಿಸುತ್ತಿದ್ದಳು. ಊಟಕ್ಕೆ ಕೂತರೆ ತಟ್ಟೆಯ ಪಕ್ಕ ಫೋನು, ಬಟ್ಟೆ ಒಗೆಯುವಾಗ ಕಿಟಕಿಯ ಮೇಲೆ ಫೋನು. ದನಿ ಬಂದ್ ಮಾಡಿ ಓಡಿಸುವುದು. ಯಾರದೋ ಬೈಕು, ಯಾರದೋ ಹುಟ್ಟುಹಬ್ಬ, ಯಾರದೋ ನಾಯಿಮರಿ. ಎಲ್ಲದರ ಕೆಳಗೂ "ಸೂಪರ್" ಎಂದು ಬರೆಯುವುದು. ತನ್ನ ಹೊಸ ವಿಡಿಯೋ ಮಾಡಲು ಹೊತ್ತೇ ಸಿಗುತ್ತಿರಲಿಲ್ಲ.

ಸಬ್‌ಸ್ಕ್ರೈಬರ್‌ಗಳ ಸಂಖ್ಯೆ ಮಾತ್ರ ದಿನಾ ಏರಿತು. ಅದನ್ನು ನೋಡಿದಾಗ ಎದೆ ಅರಳುತ್ತಿತ್ತು, ಅರೆಗಳಿಗೆ.

ಒಂದು ದಿನ ಕಾಲೇಜಿನ ವರಾಂಡದಲ್ಲಿ ಹರೀಶ ಎದುರಿಗೆ ಬಂದ. ಸುಮಾ ನಿಂತು ನಕ್ಕಳು. ಅವನು ಹಿಂದೆ ಯಾರಾದರೂ ಇದ್ದಾರೇನೋ ಎಂದು ತಿರುಗಿ ನೋಡಿ ಹೊರಟುಹೋದ. ಅವಳ ಮುಖ ಅವನಿಗೆ ಗೊತ್ತಿರಲಿಲ್ಲ. ಅವಳ ಚಾನೆಲ್ಲಿನ ಮೊದಲ ಮುಯ್ಯಾಳು ಅವನೇ. ಅವಳ ಪ್ರತಿ ವಿಡಿಯೋದಲ್ಲೂ ಮೊದಲು ಬರುವುದು ಅವಳ ಮುಖವೇ.

ಆ ಶನಿವಾರ ಊರಿಗೆ ಹೋದಾಗ ಸುಮಾ ಯಾರ ಜತೆಗೂ ಮಾತಾಡಲಿಲ್ಲ. ಉಣ್ಣುವಾಗಲೂ ಯಾರದೋ ವಿಡಿಯೋ ಓಡುತ್ತಿತ್ತು. ಲಕ್ಷ್ಮೀದೇವಿ ನೋಡಿದಳು, ನೋಡಿದಳು, ಕೊನೆಗೆ ಅನ್ನದ ಪಾತ್ರೆ ಕೆಳಗಿಟ್ಟಳು.

"ಸೋಮವಾರ ನಾನೂ ನಿನ್ನ ಜತಿಗೆ ಬರ್ತೀನಿ. ಹಾಸ್ಟೆಲ್ಲಿಂದ ಟ್ರಂಕು ತಂದುಬಿಡಾನ. ದಿನಾ ಬಸ್ಸಿನಾಗೆ ಓಡಾಡು. ಆ ಚಾನಲ್ಲು ಪಾನಲ್ಲು ಬಂದ್ ಮಾಡು."

"ಅವ್ವಾ, ಅದೊಂದೇ ಕಡೆ ನಾನು ಮಾತಾಡೋದು."

"ಅದಕ್ಕೇ ಹೇಳಿದ್ದು. ಗ್ವಾಡಿ ಜತಿ ಮಾತಾಡಿ ಮಾತಾಡಿ ನೀನೂ ಗ್ವಾಡಿ ಆಗಿದೀಯ. ಕನ್ನಡ್ಯಾಗೆ ಮುಖ ನೋಡ್ಕಂಡೀಯೇನು?"

ಲಿಂಗಣ್ಣ ಮಗಳ ಕಡೆ ನೋಡಿ, ಮಜ್ಜಿಗೆ ಬಡಿಸಿಕೊಂಡ. ತನಗೆ ಬಾಯಿ ಬರುವ ಜಾಗ ಒಂದೇ ಒಂದು, ಅದೂ ಸೋಮವಾರ ಹೋಗುತ್ತದೆ ಎಂಬುದಷ್ಟೇ ಸುಮಾಳ ತಲೆಯಲ್ಲಿತ್ತು.

ಸೋಮವಾರ ಬೆಳಿಗ್ಗೆ ತಾಯಿ ಮಗಳು ಹರಿಹರಕ್ಕೆ ಬಂದರು. ದಾವಣಗೆರೆ ಬಸ್ಸು ಹತ್ತುವ ಮೊದಲು ಲಕ್ಷ್ಮೀದೇವಿ ಹೊಲಿಯಲು ಕೊಟ್ಟ ಬ್ಲೌಸು ತರಬೇಕಿತ್ತು. ಹೊಲಿಯುವವಳು ಸುಗ್ರಾಬಿ, ಅವಳ ಹಳೇ ಗೆಳತಿ. ಹರಿಹರದಲ್ಲಿ ಸುಗ್ರಾಬಿಗೆ ಹೆಸರಿತ್ತು, ಅದು ಸ್ವತಃ ಅವಳಿಗೂ ಗೊತ್ತಿತ್ತು. ಬ್ಲೌಸ್ ಕಟಿಂಗ್ ಹೇಳಿಕೊಡುವ ಅವಳ ಚಾನೆಲ್ ನೋಡಿ ಎಲ್ಲೆಲ್ಲಿಂದಲೋ ಹೆಂಗಸರು ಫೋನ್ ಮಾಡುತ್ತಿದ್ದರು.

"ಬರ್ರಿ, ಕೂಡ್ರಿ. ಸ್ವಲ್ಪ ತಡೀರಿ, ತೋಳಿಂದು ವಿಡಿಯೋ ನಡೆದೈತೆ" ಎಂದು ಸುಗ್ರಾಬಿ ಕತ್ತರಿ ಆಡಿಸುತ್ತಲೇ ಹೇಳಿದಳು. ಮಿಷನ್ನಿಗೆ ಬಟ್ಟೆಚೂರಿನಿಂದ ಕಟ್ಟಿದ್ದ ಫೋನು ಅವಳ ಕೈಯನ್ನಷ್ಟೇ ನೋಡುತ್ತಿತ್ತು.

"ನೀನೂ ಅದೇ ರೋಗದಾಕಿ ಅಂತ ಮರ್ತೇ ಹೋಗಿತ್ತು ನೋಡು" ಎಂದಳು ಲಕ್ಷ್ಮೀದೇವಿ.

"ಯಾವ ರೋಗನೇ?"

"ಇವ್ಳಿಗೂ ಐತೆ. ಇವತ್ತು ಬಿಡಸಾಕೆ ಹೊಂಟೀನಿ."

ಸುಗ್ರಾಬಿ ಫೋನು ಬಂದ್ ಮಾಡಿ ಸುಮಾಳನ್ನು ನೋಡಿದಳು. "ಹೌದೇನ್ ಬೇಟಾ? ನೀನೂ ಚಾನೆಲ್ ಮಾಡೀಯಾ? ಒಂದ್ ಮಾತು ಹೇಳಿಲ್ಲಲ್ಲ ನಂಗೆ. ತೋರ್ಸು ತೋರ್ಸು."

ಸುಮಾ ಸಂಕೋಚದಿಂದ ಫೋನು ಕೊಟ್ಟಳು. ಸಬ್‌ಸ್ಕ್ರೈಬರ್‌ಗಳ ಸಂಖ್ಯೆ ನೋಡಿ ಸುಗ್ರಾಬಿ ಹುಬ್ಬೇರಿಸಿದಳು. ಆಮೇಲೆ ಬಂದವರು ಎಷ್ಟು ಹೊತ್ತು ನಿಂತು ನೋಡಿದ್ದಾರೆ ಎಂದು ತೋರಿಸುವ ಗೀಟು ತೆಗೆದಳು. ಹುಬ್ಬು ಕೆಳಗಿಳಿಯಿತು.

"ಇಷ್ಟು ಜನ ಅದಾರೆ. ಒಬ್ರೂ ನೋಡಿಲ್ಲಲ್ಲ ಬೇಟಾ? ಈ ಗೀಟು ನೋಡು, ಶುರುವಿನಾಗೇ ಬಾವಿಗೆ ಬಿದ್ದಂಗೆ ಬಿದ್ದೈತೆ. ಯಾರಿವ್ರು?"

"ನಮ್ಮ ಬಳಗದೋರು, ಆಪಾ. ನಾನು ಅವರಿಗೆ ಒತ್ತೀನಿ, ಅವರು ನನಗೆ ಒತ್ಯಾರೆ. ಮುಯ್ಯಿ."

ಲಕ್ಷ್ಮೀದೇವಿ ಬ್ಲೌಸಿನ ಹೊಲಿಗೆ ನೋಡುತ್ತಿದ್ದವಳು ತಲೆ ಎತ್ತಿದಳು. "ಏನು ಮುಯ್ಯಿ? ಬಂದು ಏನ್ ಮಾಡ್ತಾರೆ ಅವ್ರು?"

"ಒತ್ತಿ ಹೋಗ್ತಾರೆ."

"ನಿನ್ ಪಾಠ ಕೇಳಂಗಿಲ್ಲೇನು?"

"ಇಲ್ಲ. ಅವರಿಗೆ ಅದು ಬೇಕಾಗಿಲ್ಲ."

"ಮತ್ತೆ ಅದೆಂಥಾ ಮುಯ್ಯಿ? ಮುಯ್ಯಾಳು ಅಂದಮ್ಯಾಲೆ ಸೀರಿ ಎತ್ತಿ ಕಟ್ಟಿ ಗದ್ದಿಗೆ ಇಳೀಬೇಕು. ಬದುವಿನ ಮ್ಯಾಲೆ ನಿಂತು 'ಲಕ್ಷ್ಮವ್ವಾ, ನಾ ಬಂದಿದ್ದೆ' ಅಂತ ಕೂಗಿ ಮನಿಗೆ ಹೋದ್ರೆ ಒಂದು ಸಸಿನಾದ್ರೂ ನಾಟಿ ಆಗತೈತಾ? ನೀನು ಮಾತ್ರ ಎಲ್ಲರ ಗದ್ದ್ಯಾಗೂ ಬಗ್ಗಿ ಬಗ್ಗಿ ಸೊಂಟ ಮುರ್ಕಂಡೀಯೇನು?"

ಸುಮಾ ತಲೆ ತಗ್ಗಿಸಿದಳು. ಹೌದು, ಅವಳೊಬ್ಬಳೇ ಬಗ್ಗಿದ್ದಳು.

"ನಿಮ್ಮವ್ವ ಹೇಳಿದ್ದು ಬರೋಬರಿ ಐತೆ" ಎಂದಳು ಸುಗ್ರಾಬಿ. "ನಾನೂ ಮೊದ್ಲು ಹಂಗೇ ಮಾಡಿ ಕೆಟ್ಟಿದ್ದೆ. ಹೊಲಿಗಿನೇ ಗೊತ್ತಿಲ್ಲದ ಗಂಡಸರು ಬಂದು ಒತ್ತಿ ಹೋಗೋರು. ಹೊಸ ವಿಡಿಯೋ ಹಾಕಿದ್ರೆ ಇವರ ಫೋನಿಗೆ ಹೋಗೋದು, ಇವರು ತೆಗೀತಿರ್ಲಿಲ್ಲ. ಒತ್ತಿದೋರೇ ನೋಡ್ಲಿಲ್ಲ ಅಂದ್ರೆ ಬ್ಯಾರೆಯವರಿಗೆ ಯಾಕ ತೋರ್ಸೋದು ಅಂತ ಯೂಟ್ಯೂಬಿನವರೂ ಸುಮ್ನಾದ್ರು. ಹಿಂಗೆ ಅದಲಿ ಬದಲಿ ಮಾಡೋದು ಅವರ ನಿಯಮದಾಗೂ ಇಲ್ಲ. ಗೊತ್ತಾದ್ರೆ ಸಂಖ್ಯೆ ಕತ್ತರಿಸ್ತಾರೆ, ಚಾನೆಲ್ಲನ್ನೇ ತೆಗೆದ್ರೂ ತೆಗೀಬಹುದು."

ಅಷ್ಟರಲ್ಲಿ ಅವಳ ಕೈಯಲ್ಲಿದ್ದ ಸುಮಾಳ ಫೋನಿಗೆ ಬಳಗದಿಂದ ಸಂದೇಶ ಬಂತು. ಎಲ್ಲರೂ ತಮ್ಮ ಚಾನೆಲ್ಲಿನ ಇಮೇಲ್, ಪಾಸ್‌ವರ್ಡ್ ಕೊಡಬೇಕಂತೆ. ಹರೀಶ ಎಲ್ಲರ ಹೆಸರಲ್ಲೂ ತಾನೇ ಒಳಗೆ ಹೋಗಿ ಎಲ್ಲರ ವಿಡಿಯೋ ಓಡಿಸುತ್ತಾನಂತೆ. ಫೋನಿಗೆ ಬರುವ ಕೋಡನ್ನೂ ಅವನಿಗೆ ಹೇಳಬೇಕು. ಸಂಜೆಯೊಳಗೆ ಕೊಡದವರು ಬಳಗದಿಂದ ಹೊರಗೆ. ಅವರಿಗೆ ಒತ್ತಿದ್ದನ್ನೂ ಎಲ್ಲರೂ ವಾಪಸ್ ತೆಗೆಯುತ್ತಾರೆ.

ಸುಗ್ರಾಬಿ ಅದನ್ನು ಗಟ್ಟಿಯಾಗಿ ಓದಿ ಸುಮಾಳ ಮುಖ ನೋಡಿದಳು. "ಕೊಡ್ತೀಯಾ?"

"ಕೊಡದಿದ್ರೆ ಎಲ್ಲ ಹೋಗ್ತೈತೆ ಆಪಾ. ಹರೀಶಣ್ಣ ಕೆಟ್ಟೋನಲ್ಲ."

"ಕೆಟ್ಟೋನು ಅಂದೆನಾ ನಾನು? ಅವನ ಫೋನು ನಾಳೆ ಯಾರ ಕೈಗೆ ಹೋಗತೈತೆ ಅಂತ ಅವನಿಗೇ ಗೊತ್ತಿಲ್ಲ. ಪಾಸ್‌ವರ್ಡ್ ಕೊಟ್ಟ ಗಳಿಗೆಯಿಂದ ಚಾನೆಲ್ ನಿನ್ದಲ್ಲ. ನಿನ್ನ ಫೋಟೋ, ನಿನ್ನ ಮೇಲು, ಎಲ್ಲದಕ್ಕೂ ಅದೇ ಬಾಗಿಲು. ಕೋಡು ಯಾರೇ ಕೇಳ್ಲಿ, ನಾನೇ ಕೇಳ್ಲಿ, ಹೇಳಬ್ಯಾಡ."

ಹೀಗೆ ಹೇಳುತ್ತಲೇ ಅವಳು ಹಳೇ ವಿಡಿಯೋಗಳ ಕೆಳಗಿನ ಕಾಮೆಂಟುಗಳನ್ನು ನೋಡುತ್ತಿದ್ದಳು. ಸೂಪರ್, ನೈಸ್, ಮುಯ್ಯಿ ಆಯ್ತು, ನಂದೂ ನೋಡಿ. ಥಟ್ಟನೆ ಅವಳ ಹೆಬ್ಬೆರಳು ನಿಂತಿತು.

"ಇದೇನ್ ಬೇಟಾ? ಇದಕ್ಕೆ ಉತ್ತರನೇ ಕೊಟ್ಟಿಲ್ಲ?"

'ಗುಬ್ಬಚ್ಚಿ' ಎಂಬ ಹೆಸರಿನಲ್ಲಿ ಯಾರೋ ಹೋದ ತಿಂಗಳು ಬರೆದಿದ್ದರು. ಸುಗ್ರಾಬಿ ಓದಿದಳು: "ಅಕ್ಕ, ಬಸ್ಸಿಗೆ ಬ್ರೇಕ್ ಹಾಕಿದಾಗ ವೇಗೋತ್ಕರ್ಷ ಇರುತ್ತಾ, ಇಲ್ವಾ? ಕ್ಲಾಸಲ್ಲಿ ಕೇಳೋಕೆ ಭಯ ಆಗುತ್ತೆ. ಎಲ್ಲರೂ ಇಂಗ್ಲಿಷ್ ಮೀಡಿಯಂನವರು, ನಗ್ತಾರೆ. ನಿಮ್ಮ ವಿಡಿಯೋ ಮೂರು ಸಲ ನೋಡಿದೆ. ಸೈನ್ಸ್ ಬಿಡೋಣ ಅಂತ ಇದ್ದೀನಿ."

ಸುಮಾಗೆ ಕಿವಿ ಬಿಸಿಯಾಯಿತು. ಈ ಪ್ರಶ್ನೆ ಬಂದಾಗ ತಾನು ಏನು ಮಾಡುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು. ಯಾರದೋ ನಾಯಿಮರಿಗೆ ಸೂಪರ್ ಎಂದು ಬರೆಯುತ್ತಿದ್ದಳು.

"ಯಾರ ಮಗುವೋ ಏನೋ" ಎಂದಳು ಲಕ್ಷ್ಮೀದೇವಿ ಮೆಲ್ಲಗೆ. ಆಮೇಲೆ ಫೋನು ಇಸಕೊಂಡಳು. "ಎಲ್ಲಿ, ಆ ವಿಡಿಯೋ ಹಚ್ಚು. ಅದು ಮೂರು ಸಲ ನೋಡೈತಂತೆ. ಹೆತ್ತಾಕಿ ನಾನು ಒಂದ್ಸಲಾನೂ ನೋಡಿಲ್ಲ."

ಸ್ಟೂಲಿನ ಮೇಲೆ ಕೂತು ಮೊದಲಿಂದ ಕೊನೆಯವರೆಗೆ ನೋಡಿದಳು. ನಡುವೆ ಸುಮಾ ಏನೋ ಹೇಳಲು ಬಂದರೆ ಕೈಯೆತ್ತಿ ತಡೆದಳು. ಮುಗಿದ ಮೇಲೆ, "ತಿಳೀಲಿಲ್ಲ. ಆದ್ರೆ ಹೇಳೋದು ಚೆಂದ ಹೇಳ್ತೀಯ. ಮನ್ಯಾಗೆ ಯಾಕ ಹಿಂಗೆ ಮಾತಾಡಂಗಿಲ್ಲ?" ಎಂದಳು.

ಸುಮಾ ಫೋನು ತಗೊಂಡು ಬಳಗದಿಂದ ಹೊರಗೆ ಬಂದಳು. ಸುಗ್ರಾಬಿ ಅವಳ ಕೈಯಿಂದಲೇ ಪಾಸ್‌ವರ್ಡ್ ಬದಲು ಮಾಡಿಸಿ, ಖಾತೆಗೆ ಟೂ-ಸ್ಟೆಪ್ ವೆರಿಫಿಕೇಶನ್ ಎಂಬ ಎರಡನೇ ಬೀಗವನ್ನೂ ಹಾಕಿಸಿದಳು. ಅದಿದ್ದರೆ ಪಾಸ್‌ವರ್ಡ್ ಯಾರಿಗಾದರೂ ಗೊತ್ತಾದರೂ, ನಮ್ಮ ಫೋನಿನಲ್ಲಿ ನಾವು ಒಪ್ಪದೆ ಒಳಗೆ ಬರುವುದು ಸುಲಭವಲ್ಲ. "ಈಗ ಆ ಕೂಸಿಗೆ ಉತ್ತರ ಹೇಳು. ಒಬ್ಬರಿಗೆ ಬೇಕಾದದ್ದು ಹೇಳಿದ್ರೆ ಅಂಥವರೇ ಹತ್ತು ಮಂದಿ ಹುಡಿಕ್ಕಂಡು ಬರ್ತಾರೆ. ತಡ ಆಗತೈತೆ, ಆದ್ರೂ ಬಂದೋರು ಕೂಡ್ತಾರೆ" ಎಂದು ಕಳಿಸಿದಳು.

ದಾವಣಗೆರೆ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಬಸ್ಸು ಹೊರಟ ಮೇಲೆ ಸುಮಾ ಬ್ಯಾಗಿನಿಂದ ಅರ್ಧ ನೀರಿದ್ದ ಬಾಟಲಿ ತೆಗೆದಳು.

"ಅವ್ವಾ, ಇದನ್ನ ಮಲಗಿಸಿ ಹಿಡ್ಕಾ, ಮುಚ್ಚಳ ಮುಂದಕ್ಕಿರ್ಲಿ. ಅಲುಗಾಡಿಸಬ್ಯಾಡ."

"ಯಾಕ?"

"ಬ್ರೇಕ್ ಹಾಕಿದಾಗ ನೀರು ಏನ್ ಮಾಡತೈತೆ ನೋಡಾನ."

ಲಕ್ಷ್ಮೀದೇವಿ ಸುತ್ತ ನೋಡಿದಳು. "ಹಿಡ್ಕಂತೀನಿ. ಆದ್ರೆ ಕೇಳ್ದೆ ಯಾರ ಮುಖಾನೂ ತೆಗೀಬ್ಯಾಡ. ಹೆಣ್ಮಕ್ಕಳು ಕುಂತಾರೆ." ಸುಮಾ ಫೋನನ್ನು ಅವ್ವನ ಕೈಗೆ, ಹಸಿರು ಬಳೆಗೆ, ಬಾಟಲಿಗೆ ಮಾತ್ರ ಹಿಡಿದಳು. ಮಾತು ಹೊರಡಲಿಲ್ಲ. ಖಾಲಿ ರೂಮಲ್ಲ ಇದು. ಹಿಂದಿನ ಸೀಟಿನ ಅಜ್ಜ ಆಗಲೇ ಬಗ್ಗಿ ನೋಡುತ್ತಿದ್ದ.

"ಏನವ್ವಾ, ಬಸ್ಸಿಗೆ ಪಾಠ ಹೇಳ್ತೀಯೇನು?"

"ಹೂಂ ಅಜ್ಜ" ಎಂದಳು ಸುಮಾ. ಅಷ್ಟು ಬಂದ ಮೇಲೆ ಉಳಿದದ್ದೂ ಬಂತು. "ಗುಬ್ಬಚ್ಚಿ, ತಡ ಆಯ್ತು, ತಪ್ಪು ನಂದು. ಈಗ ನೋಡು, ಬಸ್ಸಿನ ವೇಗ ಹೆಚ್ಚಾಗ್ತಾ ಐತೆ, ನೀರು ಹಿಂದಕ್ಕೆ ಸರೀತು." ಮುಂದೆ ದಾಟುತ್ತಿದ್ದ ದನಕ್ಕೆ ಡ್ರೈವರ್ ಬ್ರೇಕ್ ಒತ್ತಿದ. ಅಜ್ಜ ಮುಂದಿನ ಸೀಟಿನ ಕಂಬಿ ಹಿಡಿದ, ನೀರು ಮುಂದಕ್ಕೆ ನುಗ್ಗಿತು. "ಈಗ ಮುಂದಕ್ಕೆ ಬಂತು. ವೇಗ ಕಡಿಮಿ ಆಗುವಾಗಲೂ ವೇಗೋತ್ಕರ್ಷ ಐತೆ, ದಿಕ್ಕು ಮಾತ್ರ ಉಲ್ಟಾ. ನಿನ್ನ ಪ್ರಶ್ನೆ ದಡ್ಡ ಪ್ರಶ್ನೆ ಅಲ್ಲ. ನಾನೂ ಇದನ್ನೇ ಕೇಳಬೇಕು ಅಂತ ಒಂದು ವರ್ಷ ಬಾಯಿ ಮುಚ್ಕಂಡು ಕುಂತಿದ್ದೆ."

ಅವ್ವ ಬಾಟಲಿ ಹಿಡಿದೇ ಕೂತಿದ್ದಳು. ಮಗಳು ಫೋನು ಇಳಿಸಿದ ಮೇಲೂ ಕೆಳಗಿಡಲಿಲ್ಲ.

ದಾವಣಗೆರೆಯಲ್ಲಿ ಇಳಿದಾಗ ಹರಿಹರದ ಕಡೆ ಹೋಗುವ ಬಸ್ಸು ಎದುರಿಗೇ ನಿಂತಿತ್ತು. ಲಕ್ಷ್ಮೀದೇವಿ ಸೆರಗು ಸರಿ ಮಾಡಿಕೊಂಡಳು.

"ನಾನು ಇಲ್ಲಿಂದಲೇ ವಾಪಸ್ ಹೋಗ್ತೀನಿ."

"ಟ್ರಂಕು?"

"ಸದ್ಯಕ್ಕೆ ಅಲ್ಲೇ ಇರ್ಲಿ. ಆದ್ರೆ ಉಣ್ಣುವಾಗ ಫೋನು ಬ್ಯಾಡ. ನಾಕು ಮಂದಿ ಜತಿ ಕುಂತು ಉಣ್ಣು."

ಬಸ್ಸು ಹೋಯಿತು. ಸುಮಾ ಆ ದಿನವೇ ವಿಡಿಯೋ ಹಾಕಿದಳು. ಮಾರನೇ ದಿನ ನೋಡಿದರೆ ಸಬ್‌ಸ್ಕ್ರೈಬರ್‌ಗಳ ಸಂಖ್ಯೆ ಇಳಿಯುತ್ತಿತ್ತು. ಬಳಗದವರು ಹೇಳಿದಂತೆ ಮಾಡಿದ್ದರು. ಒಬ್ಬೊಬ್ಬರೇ ಎದ್ದುಹೋಗುತ್ತಿದ್ದಾರೆ, ತಾನು ಕೂತು ನೋಡುತ್ತಿದ್ದೇನೆ ಅನಿಸಿತು. ಗುಬ್ಬಚ್ಚಿಯಿಂದ ಉತ್ತರ ಬರಲಿಲ್ಲ. ಆ ವಾರವೆಲ್ಲ ಬರಲಿಲ್ಲ. ಸೈನ್ಸ್ ಬಿಟ್ಟೇಬಿಟ್ಟಳೇನೋ, ಅಥವಾ ಬಿಟ್ಟನೇನೋ. ಹುಡುಗಿಯೋ ಹುಡುಗನೋ, ಯಾವ ಊರೋ, ಏನೂ ಗೊತ್ತಿಲ್ಲ. ತಡ ಮಾಡಿದ್ದು ಮಾತ್ರ ಗೊತ್ತು. ಊಟಕ್ಕೆ ರೂಮಿನವರ ಜತೆ ಹೋಗಿ ಕೂತಳು. ಅವರ ಮಾತಿಗೆ ತನ್ನ ಮಾತು ಎಲ್ಲಿ ಸೇರಿಸಬೇಕು ಎಂದು ತಿಳಿಯಲಿಲ್ಲ. ಆದರೂ ಮರುದಿನ ಮತ್ತೆ ಹೋಗಿ ಕೂತಳು.

ಒಂದು ಮಧ್ಯಾಹ್ನ ಕಾಮೆಂಟು ಬಂತು.

"ಅಕ್ಕ, ಹಂಗಾದ್ರೆ ಬಸ್ಸು ಒಂದೇ ವೇಗದಲ್ಲಿ ತಿರುವು ತಗೊಂಡ್ರೂ ವೇಗೋತ್ಕರ್ಷ ಇರುತ್ತಾ? ಇವತ್ತು ನಾನೂ ಬಾಟಲಿ ಹಿಡಿದು ನೋಡಿದೆ. ನೀರು ಪಕ್ಕಕ್ಕೆ ಹೋಯ್ತು."

ಸುಮಾ ಅದನ್ನು ಓದಿ ಒಬ್ಬಳೇ ನಕ್ಕಳು. ತಲೆ ಒರೆಸಿಕೊಳ್ಳುತ್ತಿದ್ದ ರೂಮಿನ ಹುಡುಗಿ "ಯಾಕೇ ನಗ್ತಿದೀಯ?" ಎಂದಳು. ಸುಮಾ ಫೋನು ಅವಳಿಗೆ ತೋರಿಸಿ, ಮೊದಲಿಂದ ಹೇಳತೊಡಗಿದಳು.

ಸಂಜೆ ಅವ್ವನಿಗೆ ಫೋನ್ ಮಾಡಿದಾಗ ಅಲ್ಲಿಯೂ ಸುದ್ದಿಯಿತ್ತು. "ನಿಮ್ಮಪ್ಪನೂ ಪೂರ್ತಿ ನೋಡ್ಯಾನೆ. ಏನೂ ತಿಳೀಲಿಲ್ಲಂತೆ. 'ಬಾಟ್ಲಿ ಹಿಡಿದಿದ್ದು ನಮ್ಮನಿ ಕೈ' ಅಂತ ಓಣಿಯೋರಿಗೆಲ್ಲ ತೋರಿಸ್ಯಾನೆ. ತಿರುವಿಂದು ಯಾವಾಗ ತೆಗೀತೀಯ ಹೇಳು, ಬರ್ತೀನಿ."

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಚಾನೆಲ್ ಮಾಡುವ ಮಕ್ಕಳು ಈಗ ಎಲ್ಲ ಊರಲ್ಲೂ ಇದ್ದಾರೆ. ಮಕ್ಕಳೇ, ಅದಲು ಬದಲಿಗೆ ಸಿಕ್ಕ ಸಬ್‌ಸ್ಕ್ರೈಬರ್‌ಗಳನ್ನು ನಂಬಬೇಡಿ, ದುಡ್ಡು ಕೊಟ್ಟೂ ತರಬೇಡಿ. ಪಾಸ್‌ವರ್ಡು, ಕೋಡು ಯಾರಿಗೂ ಹೇಳಬೇಡಿ. ಖಾತೆಗೆ ಎರಡನೇ ಬೀಗವನ್ನು ಇವತ್ತೇ ಹಾಕಿ, ಗೊತ್ತಾಗದಿದ್ದರೆ ಗೊತ್ತಿದ್ದವರನ್ನು ಪಕ್ಕ ಕೂರಿಸಿಕೊಂಡು ನೀವೇ ಹಾಕಿ. ಯಾರ ಮುಖವನ್ನಾದರೂ ವಿಡಿಯೋದಲ್ಲಿ ತೆಗೆಯುವ ಮೊದಲು ಅವರನ್ನು ಕೇಳಿ. ನಿಮ್ಮ ವಿಡಿಯೋದ ಕೆಳಗೆ ಉತ್ತರ ಸಿಗದ ಪ್ರಶ್ನೆ ಒಂದಿದ್ದರೆ, ಹೊಸದು ಮಾಡುವ ಮೊದಲು ಅದಕ್ಕೆ ಉತ್ತರ ಹೇಳಿ. ಅತ್ತ ಕಡೆ ಯಾರೋ ಒಬ್ಬರೇ ಕೂತು ಕಾಯುತ್ತಿರಬಹುದು.

ತಂದೆ ತಾಯಿಗಳೇ, ಮಗಳ ಫೋನು ಕಸಿದುಕೊಳ್ಳುವ ಮೊದಲು, ಮಗನನ್ನು ಬೈಯುವ ಮೊದಲು, ಇವತ್ತು ಅವರ ಪಕ್ಕ ಕೂತು ಅವರ ಒಂದು ವಿಡಿಯೋ ಪೂರ್ತಿ ನೋಡಿ. ತಿಳಿಯದಿದ್ದರೂ ಚಿಂತೆಯಿಲ್ಲ. ನಡುವೆ ಎದ್ದು ಹೋಗಬೇಡಿ.